ಜಮೀನಿಗೆ ಮೊದಲು ಕಲಿಯಬೇಕಾದ ಬೇಸಾಯ

ಕರ್ನಾಟಕ ಭೂಸುಧಾರಣಾ ಕಾಯ್ದೆಗೆ 2020ರಲ್ಲಿ ತಂದ ತಿದ್ದುಪಡಿಯಿಂದ 79ಎ ಮತ್ತು 79ಬಿ ಕಲಮುಗಳು ರದ್ದಾಗಿ, ಕೃಷಿಕರಲ್ಲದವರು ಕೃಷಿಭೂಮಿ ಕೊಳ್ಳಲು ಇದ್ದ ಅಡ್ಡಿ ನಿವಾರಣೆಯಾದ ಮೇಲೆ, ಬೆಂಗಳೂರಿನ ಮಧ್ಯಮವರ್ಗದ ಕಣ್ಣು ಹತ್ತಿರದ ರಾಮನಗರ, ಚನ್ನಪಟ್ಟಣ, ಕನಕಪುರ ಮತ್ತು ಮಾಗಡಿ ತಾಲ್ಲೂಕುಗಳ ಕಡೆಗೆ ಇನ್ನಷ್ಟು ಹೊರಳಿತು. 2007ರಲ್ಲಿ ರಾಮನಗರ ಜಿಲ್ಲೆಯಾಗಿ ರೂಪುಗೊಂಡು, 2025ರಲ್ಲಿ ರಾಜ್ಯ ಸರ್ಕಾರದಿಂದ ಬೆಂಗಳೂರು ದಕ್ಷಿಣ ಎಂಬ ಹೆಸರು ಪಡೆದ ಈ ಸೀಮೆಯಲ್ಲಿ ಒಂದಿಷ್ಟು ನೆಲ ಕೊಂಡು, ಉಣ್ಣುವುದನ್ನು ತಾವೇ ಬೆಳೆದುಕೊಳ್ಳಬೇಕೆಂಬ ಆಸೆ ಗೌರವಕ್ಕೆ ಅರ್ಹವಾದುದೇ. ಆದರೆ ನೋಂದಣಿ ಕಚೇರಿಯಲ್ಲಿ ಒಂದೇ ದಿನದಲ್ಲಿ ಮುಗಿಯುವ ಕ್ರಯಕ್ಕೂ ಹಲವು ಮಳೆಗಾಲಗಳನ್ನು ಬೇಡುವ ಕಲಿಕೆಗೂ ನಡುವಿನ ಅಂತರವನ್ನು ಲೆಕ್ಕಕ್ಕೆ ಹಿಡಿಯದಿದ್ದರೆ, ಕೊಂಡ ಜಮೀನು ತಂತಿಬೇಲಿ, ಬೋರ್‌ವೆಲ್ ಮತ್ತು ಬೀಗ ಹಾಕಿದ ಗೇಟಿನಲ್ಲೇ ನಿಂತುಹೋಗುತ್ತದೆ. ಆ ಕಲಿಕೆಯ ದೊಡ್ಡ ಪಾಲನ್ನು ನಗರದ ಮನೆಯಲ್ಲೇ, ಜಮೀನಿಗೆ ಒಂದು ರೂಪಾಯಿ ಮುಂಗಡ ಕೊಡುವ ಮೊದಲೇ ಮುಗಿಸಿಕೊಳ್ಳಬಹುದು. ಅದಕ್ಕೆ ಬೇಕಾದ ಪಾಠ ಈ ನಾಲ್ಕು ತಾಲ್ಲೂಕುಗಳ ರೈತಾಪಿ ಮನೆಗಳಲ್ಲಿಯೇ ಇದೆ.

ಇಲ್ಲಿನ ಮಳೆಯಾಶ್ರಿತ ಹೊಲಗಳಲ್ಲಿ ಆ ಪಾಠದ ಹೆಸರು ಅಕ್ಕಡಿ ಸಾಲು. ಕೂರಿಗೆಯಿಂದ ರಾಗಿ ಬಿತ್ತುತ್ತಾ, ಕೂರಿಗೆಯ ಹಿಂದೆ ಹಗ್ಗದಲ್ಲಿ ಕಟ್ಟಿ ಎಳೆಯುವ ಬಿದಿರಿನ ಕೊಳವೆಯಾದ ಸಡ್ಡೆಯ ಮೂಲಕ ಕೆಲವು ಸಾಲಿಗೊಮ್ಮೆ ಅವರೆ, ತೊಗರಿ, ಹುಚ್ಚೆಳ್ಳು, ಜೋಳಗಳನ್ನು ಬಿಟ್ಟು, ಹೊಲದ ಅಂಚಿಗೆ ಹರಳು ಹಾಕುವ ಈ ಮಿಶ್ರಬೆಳೆ ಪದ್ಧತಿಯಲ್ಲಿ ರಾಗಿ ಮುದ್ದೆಗೂ, ಅವರೆ ಸಾರಿಗೂ, ಹುಚ್ಚೆಳ್ಳು ಎಣ್ಣೆ-ಚಟ್ನಿಗೂ, ಜೋಳದ ದಂಟು ರಾಸುಗಳಿಗೂ ಒಂದೇ ಹೊಲದಿಂದ ಒದಗುತ್ತಿದ್ದವು. ಅವರೆ, ತೊಗರಿಗಳ ಬೇರಿನ ಗಂಟುಗಳಲ್ಲಿರುವ ಸೂಕ್ಷ್ಮಾಣುಗಳು ಗಾಳಿಯ ಸಾರಜನಕವನ್ನು ಹಿಡಿದು ಮಣ್ಣಿಗೆ ಸೇರಿಸುವುದರಿಂದ ಮುಂದಿನ ಬೆಳೆಯ ಗೊಬ್ಬರದ ಒಂದಂಶವೂ ಅಲ್ಲೇ ತಯಾರಾಗುತ್ತಿತ್ತು. ಇಷ್ಟಾದರೂ ಆ ಮನೆ ಒಂಟಿಯಾಗಿ ಸ್ವಾವಲಂಬಿಯಾಗಿರಲಿಲ್ಲ ಎಂಬುದನ್ನು ಮರೆಯಬಾರದು. ನೇಗಿಲಿನ ಗುಳ ಕಮ್ಮಾರನಿಂದ, ಮಡಕೆ ಕುಂಬಾರನಿಂದ ಬರುತ್ತಿದ್ದು, ಅದಕ್ಕೆ ಪ್ರತಿಯಾಗಿ ಕಣದಲ್ಲಿ ಅಳೆದುಕೊಡುವ ಧಾನ್ಯಕ್ಕೆ ಆಯ ಎನ್ನುತ್ತಿದ್ದರು. ಜಾತಿಯ ಕಟ್ಟು ಮತ್ತು ಬಿಟ್ಟಿ ದುಡಿಮೆಗಳ ಮೇಲೆ ನಿಂತಿದ್ದ ಆ ವ್ಯವಸ್ಥೆಯನ್ನು ಹೊಗಳಿ ಹಾಡುವುದು ಸಲ್ಲದು. ಆದರೆ ಸ್ವಾವಲಂಬನೆ ಎಂಬುದು ಯಾವ ಕಾಲದಲ್ಲೂ ಒಂದು ಮನೆಯ ಅಳತೆಯದಾಗಿರಲಿಲ್ಲ, ಹತ್ತಾರು ಊರುಗಳ ಅಳತೆಯದಾಗಿತ್ತು ಎಂಬ ತಿಳಿವಳಿಕೆ ಹೊಸದಾಗಿ ಕಲಿಯುವವರಿಗೆ ಬಹಳ ಅಗತ್ಯ.

ನಗರದಲ್ಲಿ ಮೊದಲು ಕಲಿಯಬೇಕಾದುದು ನೀರಿನ ಲೆಕ್ಕ. ಈ ಭಾಗದಲ್ಲಿ ವರ್ಷಕ್ಕೆ ಸುಮಾರು 800 ಮಿಲಿಮೀಟರ್ ಮಳೆಯಾಗುತ್ತದೆಂದು ಹಿಡಿದರೆ, 30×40 ಅಡಿಯ, ಅಂದರೆ ಹೆಚ್ಚುಕಡಿಮೆ 111 ಚದರ ಮೀಟರಿನ ತಾರಸಿಯ ಮೇಲೆ ಬೀಳುವ ನೀರು ಸುಮಾರು 89,000 ಲೀಟರ್. ಆವಿಯಾಗುವ, ಸೋರುವ ಪಾಲನ್ನು ಕಳೆದರೂ 70,000 ಲೀಟರಿಗಿಂತ ಹೆಚ್ಚು ಉಳಿಯುತ್ತದೆ. ಕರ್ನಾಟಕ ರಾಜ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿಯಲ್ಲಿದ್ದ ವಿಜ್ಞಾನಿ ಎ. ಆರ್. ಶಿವಕುಮಾರ್ ಅವರು ಬೆಂಗಳೂರಿನ ತಮ್ಮ ಮನೆಯನ್ನು ಕಾವೇರಿ ನೀರಿನ ಸಂಪರ್ಕವಿಲ್ಲದೆ, ಮಳೆನೀರಿನ ಮೇಲೆಯೇ ವರ್ಷಗಟ್ಟಲೆ ನಡೆಸಿ ತೋರಿಸಿದ್ದು ಇದೇ ಲೆಕ್ಕದ ಬಲದಿಂದ. ಜಯನಗರದಲ್ಲಿ ಜಲಮಂಡಳಿ ನಡೆಸುವ ಸರ್ ಎಂ. ವಿಶ್ವೇಶ್ವರಯ್ಯ ಮಳೆನೀರು ಕೊಯ್ಲು ಕೇಂದ್ರದಲ್ಲಿ, ಮೊದಲ ಮಳೆಯ ಕೊಳೆನೀರನ್ನು ಬೇರ್ಪಡಿಸುವ ಕೊಳವೆ, ಸೋಸುವ ವಿಧಾನಗಳು, ಇಂಗುಗುಂಡಿಗಳನ್ನು ಕಣ್ಣಾರೆ ಕಾಣಬಹುದು. ಮನೆಯ ತೊಟ್ಟಿ ಯಾವ ತಿಂಗಳಲ್ಲಿ ತುಂಬಿತು, ಯಾವ ತಿಂಗಳಲ್ಲಿ ಬರಿದಾಯಿತು ಎಂದು ಒಂದು ವರ್ಷ ಬರೆದಿಟ್ಟವರಿಗೆ, ಕನಕಪುರದ ಒಣಹೊಲದಲ್ಲಿ ಕೃಷಿಹೊಂಡ ಎಷ್ಟು ದೊಡ್ಡದಿರಬೇಕೆಂದು ಅಂದಾಜಿಸುವುದು ಕಷ್ಟವಾಗದು.

ಎರಡನೆಯದು ಮಣ್ಣು. ತಾರಸಿ ತೋಟದ ಚಳವಳಿಯನ್ನು ಬೆಂಗಳೂರಿನಲ್ಲಿ ಬೆಳೆಸಿದ ಡಾ. ಬಿ. ಎನ್. ವಿಶ್ವನಾಥ್ ಮತ್ತು ಅವರ ಸಂಗಡಿಗರು ಅಡುಗೆಮನೆಯ ಕಸವನ್ನು ಮನೆಯಲ್ಲೇ ಗೊಬ್ಬರ ಮಾಡುವುದನ್ನು ಸಾವಿರಾರು ಜನರಿಗೆ ಕಲಿಸಿದ್ದಾರೆ. ಹಸಿ ಸಿಪ್ಪೆಯಲ್ಲಿ ಸಾರಜನಕ ಹೆಚ್ಚು, ಒಣಗಿದ ಎಲೆ ಮತ್ತು ತೆಂಗಿನ ನಾರಿನ ಪುಡಿಯಲ್ಲಿ ಇಂಗಾಲ ಹೆಚ್ಚು; ಇವೆರಡನ್ನೂ ಬೆರೆಸಿ, ಹಿಂಡಿದರೆ ತೇವ ಕಂಡರೂ ನೀರು ತೊಟ್ಟಿಕ್ಕದ ಹದದಲ್ಲಿಟ್ಟು, ಆಗಾಗ ಮಗುಚಿದರೆ ಎರಡು-ಮೂರು ತಿಂಗಳಲ್ಲಿ ಗೊಬ್ಬರ ಮಾಗುತ್ತದೆ. ದುರ್ವಾಸನೆ ಬಂದರೆ ಒಣ ಪದಾರ್ಥ ಕಡಿಮೆಯಾಗಿದೆ ಅಥವಾ ಗಾಳಿಯಾಡುತ್ತಿಲ್ಲ ಎಂದೇ ತಿಳಿಯಬೇಕು. ಇಲ್ಲಿ ಅನೇಕರು ಗಮನಿಸದ ಅಪಾಯವೊಂದಿದೆ. ಜನ ಓಡಾಡುವ ತಾರಸಿಯನ್ನು ಸಾಮಾನ್ಯವಾಗಿ ಚದರ ಮೀಟರಿಗೆ 150 ಕಿಲೋ ಹೆಚ್ಚುವರಿ ಭಾರ ಹೊರುವಂತೆ ಕಟ್ಟಲಾಗಿರುತ್ತದೆ. ಒಂದು ಅಡಿ ಆಳದ ನೆನೆದ ಕೆಮ್ಮಣ್ಣಿನ ಪಾತಿ ಅಷ್ಟೇ ಜಾಗದಲ್ಲಿ 450 ಕಿಲೋ ಮೀರಿ ತೂಗುತ್ತದೆ. ಆದ್ದರಿಂದ ನಾರಿನ ಪುಡಿ ಬೆರೆಸಿದ ಹಗುರ ಮಿಶ್ರಣವನ್ನು ಚೀಲ, ಕುಂಡಗಳಿಗೆ ತುಂಬಿ ತೊಲೆ-ಗೋಡೆಗಳ ನೇರಕ್ಕೆ ಜೋಡಿಸುವುದೇ ಕ್ಷೇಮ. ದೊಡ್ಡ ಪಾತಿ ಕಟ್ಟುವ ಮೊದಲು ಎಂಜಿನಿಯರರನ್ನು ಕೇಳಲೇಬೇಕು.

ಬೀಜದ ವಿಷಯ ಇನ್ನೂ ಸೂಕ್ಷ್ಮವಾದುದು. ಮಾಗಡಿ ಸೀಮೆಯ ನಾಟಿ ಅವರೆ ಹಗಲು ಗಿಡ್ಡವಾದಾಗ ಮಾತ್ರ ಹೂಬಿಡುವ ಬೆಳೆ. ಮಳೆಗಾಲದಲ್ಲಿ ಬಿತ್ತಿದರೆ ಚಳಿಗಾಲಕ್ಕೆ ಸೊಗಡಿನ ಕಾಯಿ ಕೊಡುವ ಅದೇ ಬೀಜವನ್ನು ಬೇಸಿಗೆಯ ಆರಂಭದಲ್ಲಿ ಕುಂಡಕ್ಕೆ ಹಾಕಿದರೆ ಬಳ್ಳಿ ತಿಂಗಳುಗಟ್ಟಲೆ ಬರೀ ಎಲೆ ಬಿಟ್ಟುಕೊಂಡು ಹಬ್ಬುತ್ತದೆ. ವರ್ಷದ ಯಾವ ಕಾಲದಲ್ಲಾದರೂ ಕಾಯಿ ಬಿಡುವ ಹೆಬ್ಬಾಳ ಅವರೆ ತಳಿಗಳನ್ನು ಬೆಂಗಳೂರು ಕೃಷಿ ವಿಶ್ವವಿದ್ಯಾಲಯ ಬಿಡುಗಡೆ ಮಾಡಿದ್ದು ಈ ಮಿತಿಯನ್ನು ದಾಟಲೆಂದೇ. ಅವರೆ, ಟೊಮೆಟೊಗಳ ಹೂವು ಬಹುಮಟ್ಟಿಗೆ ಸ್ವಪರಾಗಸ್ಪರ್ಶಿ, ಅಂದರೆ ತನ್ನ ಪರಾಗದಿಂದಲೇ ಕಾಯಿಕಟ್ಟುವುದರಿಂದ ಹೊಸಬರು ಇವುಗಳ ಬೀಜ ಹಿಡಿಯುವುದನ್ನು ಮೊದಲು ಕಲಿಯುವುದು ಸುಲಭ; ಜೇನುಹುಳು ಹೂವಿನಿಂದ ಹೂವಿಗೆ ಪರಾಗ ಸಾಗಿಸುವ ಸೋರೆ, ಕುಂಬಳಗಳ ಬೀಜ ಪಕ್ಕದ ತಳಿಯೊಂದಿಗೆ ಬೆರೆತುಬಿಡಬಹುದು. ಬಿತ್ತನೆಗೆ ತೆಗೆದಿಟ್ಟ ಅವರೆಗೆ ಕೆಮ್ಮಣ್ಣು ಹಚ್ಚಿ ಒಣಗಿಸುವುದು, ತರಕಾರಿ ಬೀಜಗಳನ್ನು ಬೂದಿಯಲ್ಲಿ ಬೆರೆಸಿಡುವುದು ಹಳ್ಳಿಯ ಹೆಂಗಸರ ಕೈಯಲ್ಲಿ ಉಳಿದುಬಂದ ವಿದ್ಯೆ; ಹುಳುವನ್ನೂ ತೇವವನ್ನೂ ದೂರವಿಡುವ ಈ ಕ್ರಮ ಫ್ಲ್ಯಾಟಿನ ಅಡುಗೆಮನೆಗೂ ಒಗ್ಗುತ್ತದೆ.

ಧಾನ್ಯ ಕಾಪಿಡುವುದರಲ್ಲಿ ಹಳೆಯ ಮೈಸೂರು ಸೀಮೆಯವರು ತೋರಿದ ಜಾಣ್ಮೆ ವಿಶೇಷವಾದುದು. ಗಟ್ಟಿ ನೆಲದಲ್ಲಿ ಬಾಯಿ ಕಿರಿದಾಗಿ, ಒಳಗೆ ಅಗಲವಾಗಿ ತೋಡಿದ ಹಗೇವು ಎಂಬ ಗುಂಡಿಗೆ ಹುಲ್ಲು ಹಾಸಿ, ರಾಗಿ ತುಂಬಿ, ಚಪ್ಪಡಿ ಮುಚ್ಚಿ ಮಣ್ಣು ಮೆತ್ತಿದರೆ ಧಾನ್ಯ ವರ್ಷಗಟ್ಟಲೆ ಕೆಡುತ್ತಿರಲಿಲ್ಲ. ಒಳಗಿನ ಆಮ್ಲಜನಕ ತೀರಿಹೋಗುವುದೇ ಇದರ ಗುಟ್ಟು. ಅದೇ ಕಾರಣಕ್ಕೆ, ಹಗೇವಿನ ಬಾಯಿ ತೆಗೆದ ಕೂಡಲೇ ಒಳಗಿಳಿದವರ ಜೀವಕ್ಕೆ ಅಪಾಯವಿತ್ತು, ಹಾಗಾಗಿ ಗಾಳಿಯಾಡಲು ಬಿಟ್ಟು ಆಮೇಲೆ ಇಳಿಯುತ್ತಿದ್ದರು. ಎಚ್. ಎಲ್. ನಾಗೇಗೌಡರು ರಾಮನಗರದ ಬಳಿ ಕಟ್ಟಿದ ಜಾನಪದ ಲೋಕದ ವಸ್ತುಸಂಗ್ರಹಾಲಯದಲ್ಲಿ ಬೇಸಾಯದ, ಅಡುಗೆಮನೆಯ ಹಳೆಯ ಉಪಕರಣಗಳನ್ನು ನೋಡುವವರು, ಅವುಗಳ ಹಿಂದಿನ ಇಂಥ ಜಾಣ್ಮೆಯನ್ನು ಹುಡುಕುವ ಕಣ್ಣಿನಿಂದ ನೋಡಿದರೆ ಹೆಚ್ಚು ಕಲಿಯಬಲ್ಲರು.

ಮನೆಯನ್ನೇ ಉತ್ಪಾದನೆಯ ಜಾಗ ಮಾಡಿಕೊಂಡ ಶಿಸ್ತಿಗೆ ರಾಮನಗರ, ಚನ್ನಪಟ್ಟಣಗಳ ರೇಷ್ಮೆ ಸಾಕಣೆಗಿಂತ ಒಳ್ಳೆಯ ಉದಾಹರಣೆ ಸಿಗದು. ರೇಷ್ಮೆಹುಳು ತಿಂಗಳೊಪ್ಪತ್ತಿನೊಳಗೆ ನಾಲ್ಕು ಸಲ ಪೊರೆ ಕಳಚುತ್ತದೆ. ಆ ಸ್ಥಿತಿಗೆ ರೈತರು ಜ್ವರ ಎನ್ನುತ್ತಾರೆ, ಜ್ವರದಲ್ಲಿರುವಾಗ ಸೊಪ್ಪು ಹಾಕುವುದಿಲ್ಲ, ಎದ್ದ ಮೇಲೆ ತಡಮಾಡುವುದಿಲ್ಲ, ಹಣ್ಣಾದ ಹುಳುವನ್ನು ಗೂಡು ಕಟ್ಟಲು ಚಂದ್ರಿಕೆ ಎಂಬ ತಟ್ಟಿಗೆ ಬಿಡುವುದರಲ್ಲಿ ಹಗಲು-ರಾತ್ರಿ ನೋಡುವುದಿಲ್ಲ. ಫ್ಲ್ಯಾಟಿನಲ್ಲಿ ಯಾರೂ ರೇಷ್ಮೆ ಸಾಕಬೇಕಾಗಿಲ್ಲ. ಆದರೆ ವಾರಾಂತ್ಯಕ್ಕೆ ಮಾತ್ರ ಬಿಡುವಿರುವವರು ಜೀವವಿರುವ ಯಾವುದನ್ನೇ ಸಾಕಲು ಹೊರಡುವ ಮೊದಲು ಇಂಥ ಒಂದು ಹುಳುಮನೆಯಲ್ಲಿ ಕೆಲವು ದಿನ ಕೆಲಸ ಮಾಡಿ ನೋಡುವುದು ಒಳ್ಳೆಯದು. ಕುಟುಕದ ನಸರು ಜೇನು ನಗರಕ್ಕೆ ಹೊಂದುತ್ತದೆ. ಕೋಳಿ, ಹಸುಗಳು ನೆರೆಹೊರೆಯವರ ಒಪ್ಪಿಗೆ ಮತ್ತು ಜಾಗವಿಲ್ಲದೆ ಹೊಂದುವುದಿಲ್ಲ.

ತಾರಸಿಯ ಮಿತಿಯನ್ನೂ ಅಂಕಿಯಲ್ಲೇ ಹೇಳಬೇಕು. ಎಕರೆಗೆ 8 ಕ್ವಿಂಟಲ್ ರಾಗಿ ಬಂದಿತೆಂದುಕೊಂಡರೆ, 1,000 ಚದರ ಅಡಿಯ ಪಾಲಿಗೆ ಬರುವುದು 18 ಕಿಲೋ; ದಿನಕ್ಕೆ ತಲೆಗೆ 300 ಗ್ರಾಂ ಧಾನ್ಯದಂತೆ ನಾಲ್ವರ ಕುಟುಂಬಕ್ಕೆ ವರ್ಷಕ್ಕೆ ಬೇಕಾದದ್ದು ಸುಮಾರು 440 ಕಿಲೋ. ಸೊಪ್ಪು, ಮೆಣಸಿನಕಾಯಿ, ಬದನೆ, ಟೊಮೆಟೊಗಳನ್ನು ತಾರಸಿ ಧಾರಾಳವಾಗಿ ಕೊಟ್ಟೀತು. ಧಾನ್ಯಕ್ಕೆ ರೈತನನ್ನೇ ನಂಬಬೇಕು. ಆದ್ದರಿಂದ ಒಕ್ಕಣೆಯ ಕಾಲದಲ್ಲಿ ಮಾಗಡಿ, ಕನಕಪುರದ ರೈತರಿಂದ ನೇರವಾಗಿ, ನ್ಯಾಯವಾದ ಬೆಲೆಗೆ ವರ್ಷದ ರಾಗಿ ಕೊಂಡು, ಮರುವರ್ಷ ಅದೇ ಹೊಲದಲ್ಲಿ ಬಿತ್ತನೆಗೂ ಕಳೆ ತೆಗೆಯುವುದಕ್ಕೂ ಕೈಗೂಡಿಸುವ ಕುಟುಂಬ, ಜಮೀನಿಲ್ಲದೆಯೇ ಬೇಸಾಯದೊಳಗೆ ಕಾಲಿಟ್ಟಂತಾಗುತ್ತದೆ. ಮಾಗಡಿ ತಾಲ್ಲೂಕಿನ ಚಂದೂರಾಯನಹಳ್ಳಿಯ ಕೃಷಿ ವಿಜ್ಞಾನ ಕೇಂದ್ರ, ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ ಮತ್ತು ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಆವರಣವಾದ ಜಿಕೆವಿಕೆಗಳಲ್ಲಿ ಶಾಸ್ತ್ರ ತಿಳಿಯಬಹುದು. ಯಾವ ಹಳ್ಳದಲ್ಲಿ ನೀರು ಯಾವ ತಿಂಗಳವರೆಗೆ ನಿಲ್ಲುತ್ತದೆ, ಅಕ್ಕಪಕ್ಕದ ಬೋರ್‌ವೆಲ್‌ಗಳು ಎಷ್ಟು ಆಳಕ್ಕೆ ಇಳಿದಿವೆ, ಕಾಡಂಚಿನಲ್ಲಿ ಆನೆ, ಹಂದಿಗಳು ಯಾವ ಬೆಳೆಗೆ ಬರುತ್ತವೆ ಎಂಬುದನ್ನು ಮಾತ್ರ ಆ ಊರಿನವರೇ ಹೇಳಬೇಕು. ಹಾಗೆ ಹೇಳುವಷ್ಟು ಪರಿಚಯ ಬೆಳೆಯಲು ಎರಡು ಮಳೆಗಾಲವಾದರೂ ಬೇಕು.