ಹೊಸ ವೂಫರ್ ತಂದ್ರೂ ಬರೀ ಗುಂಯ್ ಅಂತಿದೆಯಾ? ಮೊದಲು ರೂಮಿನ ಮೂಲೆ ನೋಡಿ

ಹುಬ್ಬಳ್ಳಿ: ಹಬ್ಬದ ಆಫರ್‌ನಲ್ಲಿ ದೊಡ್ಡ ಸಬ್‌ವೂಫರ್ ತರ್ತೀವಿ. ಅಂಗಡಿಯಲ್ಲಿ ಚೆಂದ ಕೇಳಿಸಿದ್ದು ಮನೆಗೆ ಬಂದ ಮೇಲೆ ಬರೀ ಗುಂಯ್ ಅನ್ನುತ್ತೆ. ಡಗ್ಗಾ ಯಾವುದು, ಬಾಸ್ ಗಿಟಾರ್ ಯಾವುದು ಗೊತ್ತೇ ಆಗಲ್ಲ. ಸೋಫಾದಲ್ಲಿ ಕೂತ್ರೆ ಒಂದು ಥರ, ಬಾಗಿಲ ಹತ್ರ ನಿಂತ್ರೆ ಇನ್ನೊಂದು ಥರ. ಆಗ ಬಹಳ ಮಂದಿ ಆಂಪ್ಲಿಫೈಯರ್ ಬದಲಿಸ್ತಾರೆ. ದುಡ್ಡು ಹೋಗುತ್ತೆ, ಗುಂಯ್ ಅನ್ನೋದು ಹೋಗಲ್ಲ. ಯಾಕಂದ್ರೆ ಹೆಚ್ಚಿನ ಸಲ ತೊಂದರೆ ಇರೋದು ರೂಮಿನಲ್ಲಿ.

ಯಾಕೆ ಹೀಗಾಗುತ್ತೆ?

ಶಬ್ದ ಸೆಕೆಂಡಿಗೆ ಸುಮಾರು 1,125 ಅಡಿ ಓಡುತ್ತದೆ. 50 ಹರ್ಟ್ಸ್ ಬಾಸ್‌ನ ಒಂದು ಅಲೆಯ ಉದ್ದ 22 ಅಡಿ ದಾಟುತ್ತದೆ. ನಮ್ಮ ರೂಮು 12x10 ಅಡಿ. ಅಲೆ ಗೋಡೆಗೆ ಬಡಿದು ವಾಪಸ್ ಬಂದು, ಎದುರು ಬರೋ ಅಲೆಗೆ ಸೇರುತ್ತದೆ. ಕೆಲವು ಜಾಗದಲ್ಲಿ ಎರಡೂ ಕೂಡಿ ಸದ್ದು ಏರುತ್ತೆ, ಕೆಲವು ಜಾಗದಲ್ಲಿ ಒಂದನ್ನೊಂದು ಅಳಿಸಿ ಹಾಕುತ್ತವೆ.

ಲೆಕ್ಕ ಸುಲಭ. ಅಡಿಯಲ್ಲಿರುವ ಅಳತೆಯನ್ನು ಎರಡರಿಂದ ಗುಣಿಸಿ, ಅದರಿಂದ 1,125 ಅನ್ನು ಭಾಗಿಸಿ. 12 ಅಡಿಗೆ ಸುಮಾರು 47 ಹರ್ಟ್ಸ್, 10 ಅಡಿಗೆ 56. ಚಾವಣಿ ಎತ್ತರವೂ 10 ಅಡಿ ಇದ್ರೆ ಮತ್ತೆ ಅದೇ 56. ಎರಡು ಕಡೆಯಿಂದ ಒಂದೇ ಸ್ವರಕ್ಕೆ ಒತ್ತು ಬಿದ್ದಾಗ ಅದೊಂದೇ ಮೊಳಗುತ್ತೆ. ಚೌಕ ರೂಮುಗಳ ಕಷ್ಟವೂ ಇದೇ.

ಹಳೇ ಹಂಚಿನ ಮನೆಗಳಲ್ಲಿ ಚಾವಣಿಯ ಸಂದಿಯಿಂದ ಒಂದಷ್ಟು ಬಾಸ್ ಸೋರಿ ಹೋಗುತ್ತೆ. ಆರ್‌ಸಿಸಿ ಸ್ಲ್ಯಾಬ್, ಇಟ್ಟಿಗೆ ಗೋಡೆ, ಟೈಲ್ಸ್ ಇರುವ ರೂಮಿನಲ್ಲಿ ಬಹುಪಾಲು ಒಳಗೇ ಸುತ್ತುತ್ತದೆ.

ಬಾಸ್ ಟ್ರ್ಯಾಪ್ ಅಂದ್ರೇನು?

ಇದು ಮೂಲೆಯಲ್ಲಿ ಇಡುವ ದಪ್ಪನೆಯ ನಾರಿನ ಪ್ಯಾನೆಲ್. ಅಲೆ ಹಾಯುವಾಗ ಗಾಳಿ ನಾರಿನ ನಡುವೆ ಉಜ್ಜಿ, ಸದ್ದಿನ ಶಕ್ತಿ ತುಸು ಶಾಖವಾಗಿ ಕರಗುತ್ತದೆ. ಗೋಡೆಗೆ ಅಂಟಿದ ಕಡೆ ಗಾಳಿಯ ಓಡಾಟ ಕಡಿಮೆ, ದೂರ ಬಂದಷ್ಟೂ ಹೆಚ್ಚು. ಅದಕ್ಕೇ ದಪ್ಪ ಬೇಕು, ಹಿಂದೆ ಖಾಲಿ ಜಾಗವೂ ಬೇಕು. ಒಂದಿಂಚಿನ ಫೋಮ್, ಮೊಟ್ಟೆ ಟ್ರೇ, ಥರ್ಮೋಕೋಲ್ ಇವು ಬಾಸ್‌ಗೆ ಏನೂ ಮಾಡಲ್ಲ. ಅಗ್ಗದ ಫೋಮ್ ಬೆಂಕಿಯನ್ನೂ ಬೇಗ ಹಿಡಿಯುತ್ತದೆ.

ಮಾಡಿಸೋದು ಹೇಗೆ?

• 2x4 ಅಡಿಯ, 2 ಇಂಚು ದಪ್ಪದ ರಾಕ್‌ವುಲ್ ಹಲಗೆ ಎರಡು ಜೋಡಿಸಿ 4 ಇಂಚು ಮಾಡಿ. 6 ಇಂಚಾದ್ರೆ ಇನ್ನೂ ಒಳ್ಳೇದು.
• ಬಡಗಿ ಹತ್ರ ಮರದ ಚೌಕಟ್ಟು ಮಾಡಿಸಿ, ಉಸಿರು ಹಾಯುವಂಥ ಬಟ್ಟೆಯಿಂದ ಸುತ್ತಿ.
• ಮೂಲೆಗೆ ಅಡ್ಡಡ್ಡ ನಿಲ್ಲಿಸಿ, ಹಿಂದೆ ತ್ರಿಕೋನ ಜಾಗ ಖಾಲಿ ಬಿಡಿ. ಸ್ಪೀಕರ್ ಹಿಂದಿನ ಎರಡು ಮೂಲೆಯಿಂದ ಶುರು ಮಾಡಿ.
• ಕೆಲಸ ಮಾಡುವಾಗ ಮಾಸ್ಕ್, ಕೈಗವಸು ಇರಲೇಬೇಕು. ನಾರು ಚುಚ್ಚುತ್ತೆ.

ಇದರಿಂದ ಬಾಸ್ ಬಿಗಿಯಾಗಿ, ಬಿಡಿಬಿಡಿಯಾಗಿ ಕೇಳಿಸುತ್ತೆ. ಆದ್ರೆ 50 ಹರ್ಟ್ಸ್ ಆಸುಪಾಸಿನ ತೀರಾ ಕೆಳಗಿನ ಸದ್ದನ್ನು 4 ಇಂಚು ಪೂರ್ತಿ ಹಿಡಿಯಲ್ಲ. ಅಲ್ಲಿ ಕೆಳಗಿನ ಉಪಾಯ ಬೇಕು.

ಖರ್ಚಿಲ್ಲದ ಪರೀಕ್ಷೆ

ವೂಫರನ್ನು ನೀವು ಕೂರುವ ಜಾಗದಲ್ಲೇ ಇಡಿ. ಪರಿಚಯದ ಹಾಡು ಹಚ್ಚಿ, ಗೋಡೆ ಪಕ್ಕ ಬಗ್ಗಿಕೊಂಡು ಒಂದು ಸುತ್ತು ಹಾಕಿ. ಎಲ್ಲಿ ಬಾಸ್ ಸಮನಾಗಿ ಕೇಳುತ್ತೋ ವೂಫರ್‌ಗೆ ಅದೇ ಜಾಗ. ಸೋಫಾ ಹಿಂದಿನ ಗೋಡೆಗೆ ಅಂಟಿದ್ರೆ ಎರಡಡಿ ಮುಂದೆ ಎಳೀರಿ, ಆದ್ರೆ ರೂಮಿನ ನಟ್ಟನಡುವೆ ಬೇಡ. ಮೂಲೆಗೆ ಹತ್ತಿ ಗಾದಿ ಸುತ್ತಿ ನಿಲ್ಲಿಸಿ ನೋಡಿ. ತುಸು ಫರಕ್ ಕಂಡ್ರೂ ಸಾಕು, ಆಮೇಲೆ ಪ್ಯಾನೆಲ್‌ಗೆ ದುಡ್ಡು ಹಾಕಿ.

ಪಕ್ಕದ ಮನೆಯವರ ಮಾತೇನು?

ಬಾಸ್ ಟ್ರ್ಯಾಪ್ ಹಾಕಿದ್ರೆ ಸದ್ದು ಹೊರಗೆ ಹೋಗಲ್ಲ ಅಂತ ಅಂಗಡಿಯವರು ಹೇಳಿದ್ರೆ ನಂಬಬೇಡಿ. ಇದು ಒಳಗಿನ ಸದ್ದು ಸರಿಮಾಡುತ್ತೆ ಅಷ್ಟೇ. 2000ರ ಶಬ್ದ ಮಾಲಿನ್ಯ ನಿಯಮದ ಪ್ರಕಾರ ವಸತಿ ಪ್ರದೇಶದಲ್ಲಿ ಹಗಲು 55, ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ 45 ಡೆಸಿಬಲ್ ಮಿತಿ ಇದೆ. ರಾತ್ರಿ ಹೊತ್ತು ವಾಲ್ಯೂಮ್ ಇಳಿಸೋದೇ ದಾರಿ. ರೂಮು ಸರಿಯಾದ್ರೆ ಕಡಿಮೆ ವಾಲ್ಯೂಮ್‌ನಲ್ಲೂ ಡಗ್ಗಾ ಸ್ಪಷ್ಟವಾಗಿ ಕೇಳಿಸುತ್ತೆ.