ಸೋರುವ ಕಾರು, ಸವೆದ ರಬ್ಬರು

ಹಳೆಯ ಕಾರಿನ ಪ್ರಸ್ತಾಪ ಬಂದಾಗ ಜನ ಎಂಜಿನ್ನಿನ ಗುಣಗಾನ ಮಾಡುತ್ತಾರೆ. ಹೆಚ್ಚೆಂದರೆ ಬಣ್ಣದ ಮಾತು, ಹಾರನ್ನಿನ ಮಾತು. ಬಾಗಿಲಿಗೂ ಚೌಕಟ್ಟಿಗೂ ನಡುವೆ, ಗಾಜಿಗೂ ತಗಡಿಗೂ ನಡುವೆ ಕುಳಿತು ಗಾಳಿ, ಧೂಳು, ಮಳೆ ಮೂರನ್ನೂ ಹೊರಗೇ ನಿಲ್ಲಿಸುವ ಕಪ್ಪು ರಬ್ಬರಿನ ಪಟ್ಟಿಯನ್ನು ಹೊಗಳಿದವರನ್ನು ನಾನಂತೂ ಕಂಡಿಲ್ಲ. ಗ್ಯಾರೇಜಿನ ಭಾಷೆಯಲ್ಲಿ ಅದು ಬೀಡಿಂಗ್. ಸರಿಯಾಗಿರುವವರೆಗೆ ಅದು ಇದೆಯೆಂಬುದೇ ತಿಳಿಯದು. ಅದರ ನೆನಪಾಗುವುದು ಮುಂಗಾರಿನ ಮೊದಲ ಮಳೆಯಲ್ಲಿ, ಅದೂ ಒದ್ದೆಯಾದ ಪಾದದ ಮೂಲಕ.

ಈ ಪಟ್ಟಿಯ ಸತ್ವಪರೀಕ್ಷೆಗೆ ಚಿಕ್ಕಮಗಳೂರು ಜಿಲ್ಲೆಯ ಕಡೂರು, ಅಜ್ಜಂಪುರ, ತರೀಕೆರೆಗಳಿಗಿಂತ ಯೋಗ್ಯವಾದ ಸ್ಥಳಗಳು ಬೇಕಿಲ್ಲ. ಕಡೂರು ಬಯಲುಸೀಮೆ, ಬಾಬಾಬುಡನ್ ಗಿರಿಗಳ ಮಳೆನೆರಳಿನಲ್ಲಿರುವ ಊರು. ಅಲ್ಲಿ ವರ್ಷದ ಬಹುಭಾಗ ಬಿಸಿಲಿನದೇ ರಾಜ್ಯಭಾರ. ಅಮೃತಮಹಲ್ ದನಗಳಿಂದ ಹೆಸರಾದ ಅಜ್ಜಂಪುರದ ಕಡೆ ಹೊರಟರೆ ಬೇಸಗೆಯಲ್ಲಿ ಧೂಳು ಹಿಂಬಾಲಿಸುತ್ತದೆ. ತರೀಕೆರೆಯಾದರೋ ಮಲೆನಾಡಿನ ಹೊಸ್ತಿಲು. ಅಲ್ಲಿಂದ ಕೆಮ್ಮಣ್ಣುಗುಂಡಿಯ ಕಡೆಗೆ ಏರಿದಂತೆ ಮಳೆ ಏರುತ್ತದೆ. ಹೀಗಾಗಿ ನಮ್ಮ ಸೀಮೆಯ ಕಾರಿನ ರಬ್ಬರು ಸಾಯುವುದು ಕಡೂರಿನ ಬಿಸಿಲಿನಲ್ಲಿ. ಸತ್ತ ಸುದ್ದಿ ತಿಳಿಯುವುದು ತರೀಕೆರೆಯ ಮಳೆಯಲ್ಲಿ. ನಡುವೆ ಅಜ್ಜಂಪುರದ ಧೂಳು ಒಂದು ಮುನ್ಸೂಚನೆಯನ್ನು ಕೊಟ್ಟಿರುತ್ತದೆ, ನಾವು ಗಮನಿಸಿರುವುದಿಲ್ಲ. ಬಾಗಿಲು ತೆರೆದು ಚೌಕಟ್ಟನ್ನು ನೋಡಿದರೆ, ಪಟ್ಟಿ ಸರಿಯಾಗಿ ಒತ್ತಿಕೊಳ್ಳದ ಕಡೆ ಧೂಳು ಒಂದು ಗೆರೆಯನ್ನು ಎಳೆದಿರುತ್ತದೆ. ನಾಳೆ ನೀರು ಹಿಡಿಯುವ ದಾರಿಯೂ ಅದೇ.

ತರೀಕೆರೆಯಲ್ಲಿರುವ ನಮ್ಮ ಮಾವನವರ ಅಂಬಾಸಡರ್ ಕಾರನ್ನು ಗುಜರಿಗೆ ಹಾಕುವ ಮಾತು ಮನೆಯಲ್ಲಿ ಎದ್ದದ್ದು ಇಂಥ ಸೋರಿಕೆಯಿಂದಲೇ. ಎಂಜಿನ್ ಗಟ್ಟಿಯಾಗಿತ್ತು. ಆದರೆ ಕಾಲಡಿಯ ಚಾಪೆ ಮಳೆಗಾಲವಿಡೀ ಒಣಗದೆ, ಅದರ ಕೆಳಗಿನ ತಗಡು ತುಕ್ಕು ಹಿಡಿಯತೊಡಗಿತ್ತು. ಹದಿನೈದು ವರ್ಷ ಮೀರಿದ ಖಾಸಗಿ ಕಾರಿನ ನೋಂದಣಿಯನ್ನು ಐದೈದು ವರ್ಷಕ್ಕೊಮ್ಮೆ ನವೀಕರಿಸಬೇಕು. ತಳ ತೂತಾದ ಗಾಡಿಯನ್ನು ಯಾವ ಧೈರ್ಯದ ಮೇಲೆ ತಪಾಸಣೆಗೆ ಒಯ್ಯುವುದು? ಬ್ರಿಟನ್ನಿನ ಮಾರಿಸ್ ಆಕ್ಸ್‌ಫರ್ಡ್ ಕಾರಿನ ಅಚ್ಚಿನಲ್ಲಿ, 1950ರ ದಶಕದ ಕೊನೆಯಿಂದ ಬಂಗಾಳದ ಉತ್ತರಪಾಡಾದಲ್ಲಿ ತಯಾರಾಗುತ್ತಿದ್ದ ಈ ವಾಹನ 2014ರಲ್ಲಿ ನಿಂತುಹೋಯಿತು. ಈಗ ಇರುವುದನ್ನು ಉಳಿಸಿಕೊಳ್ಳಬೇಕೇ ಹೊರತು ಹೊಸದು ಬರುವಂತಿಲ್ಲ.

ನಾನು ಕರೆತಂದ ಕಡೂರಿನ ಮುದಿ ಮೇಸ್ತ್ರಿ ಕಾರಿನ ಸುತ್ತ ಎರಡು ಪ್ರದಕ್ಷಿಣೆ ಹಾಕಿ, “ರಬ್ಬರು ಹಾಕೋದು ಕೊನೇ ಕೆಲಸ ಮೇಷ್ಟ್ರೇ. ನೀರು ನಿಂತ ಜಾಗ ಬೇರೆ, ಬಂದ ದಾರಿ ಬೇರೆ. ಮೊದಲು ದಾರಿ ನೋಡೋಣ” ಎಂದರು. ಕಾಲಡಿ ನಿಂತ ನೀರು ಎದುರಿನ ಗಾಜಿನ ಮೂಲೆಯಿಂದ ಇಳಿದು ಬಂದಿರಬಹುದು. ಬಾಗಿಲಿನ ಪಟ್ಟಿಗೆ ಸೀಮೆಸುಣ್ಣದ ಪುಡಿ ಬಳಿದು ಬಾಗಿಲು ಮುಚ್ಚಿ ತೆರೆದರೆ, ಎದುರು ತಗಡಿನ ಮೇಲೆ ಬಿಳಿಯ ಗುರುತು ಮೂಡಬೇಕು. ಮೂಡದ ಕಡೆ ಸಂದು ಇದೆಯೆಂದು ಅರ್ಥ. (ನನ್ನ ವೃತ್ತಿಯ ಸಾಮಗ್ರಿ ಲೋಕೋಪಯೋಗಕ್ಕೆ ಬಂದದ್ದನ್ನು ಕಂಡು ಮಾವನವರು ನಕ್ಕರು.) ಒಂದು ಕಾಗದದ ಚೂರನ್ನು ಬಾಗಿಲಿಗೆ ಸಿಕ್ಕಿಸಿ ಎಳೆಯುವುದು ಇನ್ನೊಂದು ಉಪಾಯ: ಅಡ್ಡಿಯಿಲ್ಲದೆ ಜಾರಿ ಬಂದರೆ ಅಲ್ಲಿ ಒತ್ತಡವಿಲ್ಲ. ಕೊನೆಯದು ನೀರಿನ ಪರೀಕ್ಷೆ. ಒಬ್ಬರು ಟಾರ್ಚು ಹಿಡಿದು ಒಳಗೆ ಕೂರಬೇಕು. ಇನ್ನೊಬ್ಬರು ಕೊಳವೆಯ ನೀರನ್ನು ಕೆಳಗಿನಿಂದ ಮೇಲಕ್ಕೆ, ನಿಧಾನವಾಗಿ ಬಿಡುತ್ತ ಬರಬೇಕು. ಮೇಲಿನಿಂದ ಸುರಿದರೆ ಎಲ್ಲ ಸಂದುಗಳೂ ಒಟ್ಟಿಗೆ ಸೋರಿ ಯಾವುದೂ ತಿಳಿಯುವುದಿಲ್ಲ.

ಬಾಗಿಲಿನ ವಿಷಯದಲ್ಲಿ ನಾನು ಅರಿಯದ ಸಂಗತಿಯೊಂದಿತ್ತು. ಕಿಟಕಿಯ ಗಾಜು ಇಳಿಯುವ ಸೀಳಿನಿಂದ ಸ್ವಲ್ಪ ನೀರು ಬಾಗಿಲಿನ ಹೊಟ್ಟೆಯೊಳಕ್ಕೆ ಇಳಿದೇ ಇಳಿಯುತ್ತದೆ. ಅದು ಹರಿದು ಹೋಗಲೆಂದೇ ಬಾಗಿಲಿನ ತಳದಲ್ಲಿ ರಂಧ್ರಗಳಿರುತ್ತವೆ. ಮಣ್ಣು ತುಂಬಿ ಅವು ಕಟ್ಟಿಕೊಂಡರೆ ಯಾವ ಹೊಸ ರಬ್ಬರೂ ಕಾಯಲಾರದು. ಮೇಸ್ತ್ರಿ ಒಂದು ತಂತಿ ತೂರಿಸಿದಾಗ ಅಲ್ಲಿಂದ ಬಂದದ್ದು ಕಪ್ಪು ಕೆಸರು.

ರಬ್ಬರಿಗೆ ಈ ಗತಿ ಬರುವುದೇಕೆ? ಹಸಿ ರಬ್ಬರು ಸೆಕೆಗೆ ಅಂಟಾಗಿ ಚಳಿಗೆ ಸೆಟೆಯುತ್ತಿತ್ತು. 1839ರಲ್ಲಿ ಅಮೆರಿಕದ ಚಾರ್ಲ್ಸ್ ಗುಡ್‌ಇಯರ್ ಗಂಧಕ ಬೆರೆಸಿ ಕಾಯಿಸಿ ಅದನ್ನು ಹದಕ್ಕೆ ತಂದ. ಆದರೂ ಗಾಳಿಯಲ್ಲಿ ಅತ್ಯಲ್ಪ ಪ್ರಮಾಣದಲ್ಲಿರುವ ಓಜೋನ್ ರಬ್ಬರಿನ ಅಣುಗಳ ಸರಪಳಿಯನ್ನು ಕಡಿಯುತ್ತಲೇ ಇರುತ್ತದೆ. ಎಳೆದು ಬಿಗಿದ ಮೂಲೆಗಳಲ್ಲಿ ಮೊದಲು ಬಿರುಕು ಕಾಣುತ್ತದೆ. ಕಾವಿಗೆ ಅದು ಗಡುಸಾಗುತ್ತದೆ. ವರ್ಷಗಟ್ಟಲೆ ಅದುಮಿಸಿಕೊಂಡು ಮತ್ತೆ ಉಬ್ಬುವ ಗುಣವನ್ನೇ ಕಳೆದುಕೊಳ್ಳುತ್ತದೆ. ಮೃದುವಾಗಲೆಂದು ಎಣ್ಣೆಯನ್ನೋ ಗ್ರೀಸನ್ನೋ ಸವರುವವರುಂಟು; ಸದುದ್ದೇಶ ನಿಜ, ಆದರೆ ಎಣ್ಣೆಗೆ ರಬ್ಬರು ಊದಿಕೊಂಡು ಬೇಗ ಕೆಡುತ್ತದೆ. 1960ರ ದಶಕದಿಂದ ಬಳಕೆಗೆ ಬಂದ ಇ.ಪಿ.ಡಿ.ಎಂ. ಎಂಬ ಕೃತಕ ರಬ್ಬರು ಬಿಸಿಲು, ಓಜೋನುಗಳನ್ನು ಬಹಳ ಚೆನ್ನಾಗಿ ತಾಳುತ್ತದೆ, ಪೆಟ್ರೋಲು, ಎಣ್ಣೆಗಳನ್ನಲ್ಲ.

ಬೆಂಗಳೂರಿನ ಜೆ.ಸಿ. ರಸ್ತೆಗೆ ಹೋಗುವಾಗ ಹಳೆಯ ಪಟ್ಟಿಯ ಗೇಣುದ್ದದ ಚೂರನ್ನು ಜೇಬಿನಲ್ಲಿಟ್ಟುಕೊಂಡಿದ್ದೆ. ಅಂಗಡಿಯವರಿಗೆ ವರ್ಣನೆ ಬೇಡ, ಮಾದರಿ ಬೇಕು. ದಪ್ಪವಾದಷ್ಟೂ ಒಳ್ಳೆಯದೆಂಬುದು ಸುಳ್ಳು. ದಪ್ಪ ಪಟ್ಟಿ ಹಾಕಿದರೆ ಬಾಗಿಲನ್ನು ಪ್ರತಿ ಸಲವೂ ಅಪ್ಪಳಿಸಬೇಕಾಗುತ್ತದೆ. ಒಳಗೆ ಪೊಳ್ಳಾಗಿರುವ ಮೆತ್ತನೆಯ ಪಟ್ಟಿಯೇ ಮೇಲು.

ಅಂಟಿಸುವ ಕೆಲಸ ಅರ್ಧ ದಿನದ್ದು. ಅದಕ್ಕೆ ಮುಂಚಿನದು ಎರಡು ದಿನದ್ದು. ಹಳೆಯ ಗೋಂದನ್ನು ಕೆರೆದು, ತುಕ್ಕು ಉಜ್ಜಿ, ರೆಡ್ ಆಕ್ಸೈಡ್ ಬಳಿದು, ಬಣ್ಣ ಹಚ್ಚಿ ಒಣಗಲು ಬಿಡಬೇಕು. ಜೋತುಬಿದ್ದ ಬಾಗಿಲನ್ನು ಕೀಲಿನಲ್ಲಿ ಎತ್ತಿ ಸರಿಪಡಿಸಬೇಕು. ಪಟ್ಟಿಯನ್ನು ಎಳೆಯದೆ, ಮೂಲೆಗಳಲ್ಲಿ ತುಸು ಹೆಚ್ಚೇ ಬಿಟ್ಟು ಕೂರಿಸಬೇಕು. ಎಳೆದು ಅಂಟಿಸಿದ್ದು ಮುಂದೆ ಕುಗ್ಗಿ ಬಾಯಿ ಬಿಡುತ್ತದೆ. ಎದುರಿನ ಗಾಜಿನದು ಮಾತ್ರ ನೋಡಲೇಬೇಕಾದ ಕಲೆ. ಗಾಜಿಗೆ ಹೊಸ ರಬ್ಬರು ತೊಡಿಸಿ, ಅದರ ಒಳತುಟಿಯ ಸೀಳಿನಲ್ಲಿ ದಾರವನ್ನು ಸುತ್ತಲೂ ಕೂರಿಸಿ, ಸೋಪಿನ ನೀರು ಸವರಿ ಚೌಕಟ್ಟಿಗಿಟ್ಟರು. ಹೊರಗಿನಿಂದ ಹುಡುಗನೊಬ್ಬ ಅಂಗೈಯಿಂದ ಅದುಮುತ್ತಿದ್ದಂತೆ ಮೇಸ್ತ್ರಿ ಒಳಗೆ ಕುಳಿತು ದಾರವನ್ನು ಎಳೆಯುತ್ತ ಹೋದರು. ರಬ್ಬರಿನ ತುಟಿ ತಗಡಿನ ಅಂಚನ್ನು ಒಂದೊಂದೇ ಅಂಗುಲ ಕಚ್ಚುತ್ತ ಬಂತು. ಗಾಜು ಸೀಳದೆ ದಾರ ಪೂರ್ತಿ ಹೊರಬಂದಾಗ ಮಾವನವರು ಉಸಿರು ಬಿಟ್ಟರು.

ಆ ಜೂನಿನಲ್ಲಿ ಕಲ್ಲತ್ತಿಗಿರಿಯವರೆಗೆ ಹೋಗಿಬಂದೆವು. ಬಾಗಿಲು, ಗಾಜು, ಡಿಕ್ಕಿ ಯಾವುದೂ ಸೋರಲಿಲ್ಲ. ಕ್ಲಚ್ಚಿನ ಪಕ್ಕದಲ್ಲಿ ಮಾತ್ರ ಆಗೊಂದು ಈಗೊಂದು ಹನಿ. ಮೇಸ್ತ್ರಿಗೆ ಫೋನು ಮಾಡಿದರೆ, ವೈರು ಒಳಗೆ ಬರುವ ತೂತಿನಲ್ಲಿ ಒಂದು ರಬ್ಬರಿನ ಬಿಲ್ಲೆ ಇರುತ್ತದೆಂದೂ ಅದನ್ನೂ ಬದಲಿಸಬೇಕೆಂದೂ ಹೇಳಿ, ಬರುವ ಭಾನುವಾರ ಬರುವೆನೆಂದರು.