ನಡೆಯಲಾಗದ ವೃದ್ಧರಿಗೆ ವಿದ್ಯುತ್ ವ್ಯಾಯಾಮ

ಕುರ್ಚಿಯಿಂದ ಏಳಲು ಕೈಯೂರಬೇಕಾಗಿ ಬಂದರೆ ಅದನ್ನು 'ವಯಸ್ಸಾಯಿತು' ಎಂಬ ಒಂದೇ ಮಾತಿನಲ್ಲಿ ಮುಗಿಸುವುದು ವಾಡಿಕೆ. ಅನೇಕರಲ್ಲಿ ಇದು ತೊಡೆಯ ಸ್ನಾಯು ಸೊರಗಿರುವುದರ ಸೂಚನೆ. ವಯಸ್ಸಿನೊಂದಿಗೆ ಸ್ನಾಯುವಿನ ಗಾತ್ರ ಮತ್ತು ಬಲ ಕುಗ್ಗುವ ಈ ಸ್ಥಿತಿಗೆ ವೈದ್ಯಶಾಸ್ತ್ರದಲ್ಲಿ 'ಸಾರ್ಕೊಪೀನಿಯಾ' ಎಂದು ಹೆಸರು. ಓಡಾಟ ಕಡಿಮೆಯಾದಷ್ಟೂ ಇದು ಬೇಗ ಬಲಿಯುತ್ತದೆ; ಬಿದ್ದು ಮೂಳೆ ಮುರಿದುಕೊಳ್ಳುವ ಅಪಾಯವೂ ಹೆಚ್ಚುತ್ತದೆ.

ಇದಕ್ಕೆ ಮೊದಲ ಮದ್ದು ವ್ಯಾಯಾಮವೇ. ಆದರೆ ಮಂಡಿನೋವು ಅಥವಾ ದೀರ್ಘಕಾಲದ ಕಾಯಿಲೆಯಿಂದ ವ್ಯಾಯಾಮ ಮಾಡಲಾಗದವರು ಏನು ಮಾಡಬೇಕು? ಇಂಥವರಿಗೆ ನೆರವಾಗಬಲ್ಲ ಒಂದು ವಿಧಾನ ವಿದ್ಯುತ್ ಪ್ರಚೋದನೆ.

ಹೇಗೆ ಕೆಲಸ ಮಾಡುತ್ತದೆ?

ಸಾಮಾನ್ಯವಾಗಿ ಮೆದುಳಿನ ಆಜ್ಞೆ ನರದ ಮೂಲಕ ಸ್ನಾಯುವನ್ನು ತಲುಪುತ್ತದೆ. ಇಲ್ಲಿ ಚರ್ಮದ ಮೇಲೆ ಅಂಟಿಸಿದ ಪಟ್ಟಿಗಳಿಂದ ಹರಿಯುವ ಅಲ್ಪ ಪ್ರಮಾಣದ ವಿದ್ಯುತ್ತು ನೇರವಾಗಿ ನರವನ್ನು ಕೆರಳಿಸುತ್ತದೆ. ಸ್ನಾಯು ಕೆಲವು ಸೆಕೆಂಡು ಬಿಗಿಯುತ್ತದೆ, ಬಳಿಕ ಸಡಿಲಗೊಳ್ಳುತ್ತದೆ.

ಇದರಲ್ಲಿ ಒಂದು ವಿಶೇಷವಿದೆ. ಮೆದುಳು ಮೊದಲು ಕರೆಯುವುದು ನಿಧಾನಗತಿಯ ಚಿಕ್ಕ ಎಳೆಗಳನ್ನು. ವೇಗದ, ಬಲಿಷ್ಠ ಎಳೆಗಳ ಸರದಿ ಬರುವುದು ಹೆಚ್ಚು ಶ್ರಮ ಬೇಕಾದಾಗ ಮಾತ್ರ. ವೃದ್ಧಾಪ್ಯದಲ್ಲಿ ಹೆಚ್ಚು ಸೊರಗುವುದು ಈ ವೇಗದ ಎಳೆಗಳೇ. ವಿದ್ಯುತ್ತು ಈ ಸರದಿಯನ್ನು ಪಾಲಿಸುವುದಿಲ್ಲ; ಕುಳಿತಲ್ಲಿಯೇ ಆ ಎಳೆಗಳಿಗೂ ಕೆಲಸ ಕೊಡುತ್ತದೆ.

ಸಂಶೋಧನೆ ಏನು ಹೇಳುತ್ತದೆ?

ಆಸ್ಟ್ರಿಯಾದ ಹೆಲ್ಮುಟ್ ಕೆರ್ನ್ ಮತ್ತು ಸಂಗಡಿಗರು ಕ್ರೀಡಾಭ್ಯಾಸವಿಲ್ಲದ ಹಿರಿಯರ ಮೇಲೆ ನಡೆಸಿದ ಅಧ್ಯಯನ 2014ರಲ್ಲಿ ಪ್ರಕಟವಾಯಿತು. ತರಬೇತಿಯ ಬಳಿಕ ಅವರ ಸ್ನಾಯುಬಲ ಹೆಚ್ಚಿತ್ತು, ವೇಗದ ಎಳೆಗಳು ದಪ್ಪಗಾಗಿದ್ದವು. ಜರ್ಮನಿಯ ಎರ್ಲಾಂಗೆನ್‌ನಲ್ಲಿ ವೋಲ್ಫ್‌ಗಾಂಗ್ ಕೆಮ್ಲರ್ ತಂಡವು 70 ವರ್ಷ ದಾಟಿದ, ಸ್ನಾಯು ಸೊರಗಿ ಬೊಜ್ಜು ಬೆಳೆದಿದ್ದ 75 ಮಹಿಳೆಯರನ್ನು 26 ವಾರಗಳ ಪ್ರಯೋಗಕ್ಕೆ ಒಳಪಡಿಸಿತು. ವಾರಕ್ಕೆ 20 ನಿಮಿಷ ಇಡೀ ದೇಹಕ್ಕೆ ಪ್ರಚೋದನೆ ಪಡೆದವರಲ್ಲಿ ಸ್ನಾಯುವಿನ ಪ್ರಮಾಣ ವೃದ್ಧಿಸಿತು.

ಎಚ್ಚರಿಕೆ ಅಗತ್ಯ

ಹೆಚ್ಚು ವಿದ್ಯುತ್ತು ಹೆಚ್ಚು ಲಾಭ ಎಂಬ ಎಣಿಕೆ ತಪ್ಪು. ಮೊದಲ ದಿನವೇ ತೀವ್ರವಾಗಿ ಪ್ರಯೋಗಿಸಿದರೆ ಸ್ನಾಯುವಿನ ಕೋಶಗಳು ಒಡೆದು, ಅವುಗಳ ಅಂಶ ರಕ್ತಕ್ಕೆ ಸೇರಿ ಮೂತ್ರಪಿಂಡಕ್ಕೆ ಹಾನಿಯಾಗಬಹುದು. ಪೇಸ್‌ಮೇಕರ್ ಅಳವಡಿಸಿಕೊಂಡವರು ಮತ್ತು ಮೂರ್ಛೆರೋಗ ಇರುವವರು ವೈದ್ಯರ ಅನುಮತಿಯಿಲ್ಲದೆ ಇದನ್ನು ಬಳಸಬಾರದು. ಆರಂಭದಲ್ಲಿ ಫಿಸಿಯೋಥೆರಪಿ ತಜ್ಞರ ಉಸ್ತುವಾರಿ ಇರಲೇಬೇಕು.

ವಿದ್ಯುತ್ತು ಸ್ನಾಯುವನ್ನು ಬಿಗಿಸಬಲ್ಲದು, ದೇಹದ ಸಮತೋಲನವನ್ನು ಕಲಿಸಲಾರದು. ನಡಿಗೆಯಿಂದ ಹೃದಯ, ಶ್ವಾಸಕೋಶಗಳಿಗೆ ದೊರೆಯುವ ಕಸುವನ್ನೂ ಅದು ಪೂರ್ತಿ ತುಂಬಿಕೊಡಲಾರದು. ಸ್ನಾಯು ಬೆಳೆಯಲು ಬೇಳೆಕಾಳು, ಹಾಲು, ಮೊಟ್ಟೆಯಂಥ ಪ್ರೋಟೀನುಯುಕ್ತ ಆಹಾರವೂ ಬೇಕು. ಆದ್ದರಿಂದ ಎದ್ದು ನಡೆಯಬಲ್ಲವರು ನಡೆಯುವುದೇ ಲೇಸು. ನಡೆಯಲಾಗದವರಿಗೆ ಈ ವಿಧಾನ ನಡಿಗೆಯತ್ತ ಮರಳಲು ಒಂದು ಮೆಟ್ಟಿಲಾಗಬಹುದು.